ನೀರುಕೋಳಿ ಮಾವನ ಮಡು

ನನ್ನ ಸೋದರಮಾವನದು ಕುಶನ್ ಕೆಲಸ. ಬಸ್ಸು, ಆಟೋ, ವ್ಯಾನುಗಳ ಹರಿದ ಸೀಟು ಬಿಚ್ಚಿ, ಒಳಗಿನ ಸ್ಪಂಜು ಬದಲಾಯಿಸಿ, ಮೇಲೆ ಹೊಸ ರೆಕ್ಸಿನ್ ಬಿಗಿದು ಹೊಲಿದು ಕೊಡುತ್ತಿದ್ದ. ಪಂಚರ್ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅವನ ಉದ್ದನೆಯ ಮಳಿಗೆಗೆ ಕಿಟಕಿಯೇ ಇರಲಿಲ್ಲ. ಬಾಗಿಲಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ರೆಕ್ಸಿನ್ ಸುರುಳಿಗಳು, ಅದಕ್ಕೂ ಹಿಂದೆ ಬಟ್ಟೆ ಕಳಚಿದ ಸೀಟುಗಳ ಕಬ್ಬಿಣದ ಚೌಕಟ್ಟುಗಳು. ಎಷ್ಟು ಒಗೆದರೂ ಅವನ ಶರ್ಟಿನಿಂದ ಅಂಟಿನ ವಾಸನೆ ಹೋಗುತ್ತಿರಲಿಲ್ಲ. ಹುಬ್ಬಿನಲ್ಲಿ, ಕಿವಿಯಲ್ಲಿ, ಚಹಾ ಲೋಟದಲ್ಲಿ, ಎಲ್ಲೆಲ್ಲೂ ಸ್ಪಂಜಿನ ಪುಡಿ. ವಾರವಿಡೀ ಆ ಗೂಡಿನಲ್ಲಿ ಬೆನ್ನು ಬಗ್ಗಿಸಿ ಕೂರುತ್ತಿದ್ದ ಮನುಷ್ಯ ಬೇಸಿಗೆಯ ಭಾನುವಾರ ಬಂತೆಂದರೆ ಬೇರೆಯೇ ಪ್ರಾಣಿಯಾಗುತ್ತಿದ್ದ.

ಊರಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ನೀರುಕೋಳಿ ಎಂದು. ಆ ಹೆಸರಿಟ್ಟವಳು ನನ್ನ ಅಜ್ಜಿ. ಅವನು ಚಿಕ್ಕವನಿದ್ದಾಗ ಶಾಲೆ ತಪ್ಪಿಸಿ ನದಿಗೆ ಓಡಿಬಿಡುತ್ತಿದ್ದನಂತೆ. ಅಜ್ಜಿ ಕೈಯಲ್ಲಿ ಕೋಲು ಹಿಡಿದು ದಡದಲ್ಲಿ ನಿಂತರೆ ಇವನು ನಡುನೀರಿನಲ್ಲಿ ತಲೆ ಎತ್ತುವುದು, ಅಮ್ಮನನ್ನು ನೋಡುವುದು, ಮತ್ತೆ ಮುಳುಗುವುದು. "ಕೋಳಿ ಸಾಕಿದ್ರೆ ಮೊಟ್ಟೇನಾದ್ರೂ ಸಿಗ್ತಿತ್ತು. ನನ್ನ ಹೊಟ್ಟೇಲಿ ನೀರುಕೋಳಿ ಹುಟ್ಟಿದೆ" ಎಂದು ಅಜ್ಜಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಹೆಸರು ಅಂಟಿಕೊಂಡಿತು.

ಊರಾಚೆ ಮರ ಕೊಯ್ಯುವ ಮಿಲ್ಲು ದಾಟಿ ಮಣ್ಣುದಾರಿಯಲ್ಲಿ ಹೋದರೆ ನದಿ ಒಂದು ದೊಡ್ಡ ಬಂಡೆಗೆ ಬಡಿದು ತಿರುಗುವ ಜಾಗ ಸಿಗುತ್ತದೆ. ಬೇಸಿಗೆಯಲ್ಲಿ ಉಳಿದ ಕಡೆಯೆಲ್ಲ ನದಿ ಕಲ್ಲುಗಳ ನಡುವೆ ಹಿಮ್ಮಡಿ ನೆನೆಯುವಷ್ಟೇ ಹರಿದರೂ ಈ ತಿರುವಿನ ಮಡು ಮಾತ್ರ ಬತ್ತುತ್ತಿರಲಿಲ್ಲ. ಬಂಡೆಯ ಬುಡದಲ್ಲಿ ನೀರು ಕಪ್ಪಗೆ, ಆಳವಾಗಿ ನಿಂತಿರುತ್ತಿತ್ತು. ಈಚೆ ದಡದಲ್ಲಿ ಮರಳಿನ ಇಳಿಜಾರು, ಮಕ್ಕಳು ಕೂತರೆ ಎದೆಯವರೆಗೆ ಬರುವಷ್ಟು ತಿಳಿನೀರು.

ಶಾಲೆಗೆ ರಜೆ ಬಂದ ಮೇಲೆ ಭಾನುವಾರ ತಪ್ಪದೆ ನಮ್ಮ ಸವಾರಿ ಅಲ್ಲಿಗೆ. ಬ್ಯಾಟರಿ ಅಂಗಡಿಯವನ ಸಾಮಾನಿನ ಟೆಂಪೋವನ್ನು ಮಾವ ಕೇಳಿ ತರುತ್ತಿದ್ದ. ಹಿಂದಿನ ತಗಡಿನ ಮೇಲೆ ಹಳೆಯ ಬಸ್ ಸೀಟುಗಳ ಸ್ಪಂಜು ಹಾಸಿ, ಅದರ ಮೇಲೆ ನನ್ನ ಅಮ್ಮ, ಅತ್ತೆ, ಅವರ ಮಗಳು ಚಿನ್ನಿ, ನಾನು, ಬೇಯಿಸಿದ ಮೊಟ್ಟೆಯ ಡಬ್ಬಿ, ಬ್ರೆಡ್ಡು, ಒಂದು ಕಲ್ಲಂಗಡಿ. ಗುಂಡಿ ಬಂದಾಗಲೆಲ್ಲ ನಾವು ಎಗರಿ ಒಬ್ಬರ ಮಡಿಲಲ್ಲಿ ಒಬ್ಬರು ಬೀಳುತ್ತಿದ್ದೆವು. "ರಾಜರ ಸಾರೋಟು ಇದು, ಹಿಡ್ಕೊಳ್ಳಿ!" ಎಂದು ಮಾವ ಮುಂದಿನಿಂದ ಕೂಗುತ್ತಿದ್ದ. ಅತ್ತೆ ನಗು ತಡೆಯಲಾರದೆ ಬೈಯುತ್ತಿದ್ದಳು. "ನಿಮ್ಮ ಸಾರೋಟಿಗೆ ಬೆಂಕಿ ಬೀಳ್ಲಿ, ನನ್ನ ಸೊಂಟ ಮುರೀತು!"

ನಮಗೆ ಈಜು ಕಲಿಸಲು ನಿಂತವನು ಅವನೇ. ಖಾಲಿ ಎಣ್ಣೆ ಕ್ಯಾನುಗಳನ್ನು ರೆಕ್ಸಿನ್ ಪಟ್ಟಿಯೊಳಗೆ ಹೊಲಿದು ನಡುಪಟ್ಟಿ ಮಾಡಿಕೊಡುತ್ತಿದ್ದ. ನನ್ನದು ಕೆಂಪು, ಚಿನ್ನಿಯದು ನೀಲಿ, ಯಾವುದೋ ಬಸ್ಸಿನ ಸೀಟಿಗೆ ಹಾಕಿ ಉಳಿದ ತುಂಡುಗಳು. ಕೆಲವು ದಿನ ಆದಮೇಲೆ ಪಟ್ಟಿ ಬಿಚ್ಚಿಸಿ, ತನ್ನ ಅಂಗೈಯನ್ನು ನಮ್ಮ ಹೊಟ್ಟೆಯ ಕೆಳಗಿಟ್ಟು ನೀರಿನ ಮೇಲೆ ಮಲಗಿಸುತ್ತಿದ್ದ. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಆ ಕೈಯನ್ನು ನೀರಿನೊಳಗೂ ಗುರುತು ಹಿಡಿಯಬಹುದಿತ್ತು. "ಹಿಡ್ಕೊಂಡಿದೀನಿ, ಹಿಡ್ಕೊಂಡಿದೀನಿ, ಒದಿ ಕಾಲು" ಎನ್ನುತ್ತಲೇ ಯಾವಾಗಲೋ ಕೈ ತೆಗೆದಿರುತ್ತಿದ್ದ. ತಿರುಗಿ ನೋಡಿದರೆ ಎಲ್ಲೋ ಹಿಂದೆ ನಿಂತು, ಎರಡೂ ಕೈ ಮೇಲೆತ್ತಿ ನಗುತ್ತಿರುತ್ತಿದ್ದ.

ಅತ್ತೆ ಮಾತ್ರ ಈಜು ಕಲಿಯಲು ಒಪ್ಪಲೇ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನಲ್ಲಿ ಕಾಲಿಳಿಬಿಟ್ಟು ಕಲ್ಲಿನ ಮೇಲೆ ಕೂರುತ್ತಿದ್ದಳು. ಮಾವ ನೀರಿನಡಿಯಿಂದ ಬಂದು ಅವಳ ಕಾಲ್ಬೆರಳು ಕಚ್ಚುತ್ತಿದ್ದ. ಅವಳು ಕಿರುಚಿದರೆ ಆಚೆ ದಡದ ಹಕ್ಕಿಗಳು ಹಾರುತ್ತಿದ್ದವು. "ವಯಸ್ಸಾಯ್ತು, ಮಗಳ ಮುಂದೆ ನಾಚಿಕೆಯಾಗಲ್ವಾ ನಿಮಗೆ?" ಎಂದರೂ ಕಾಲನ್ನು ಮೇಲೆ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ಅಮ್ಮ ಗಂಡನನ್ನು ಕಳೆದುಕೊಂಡು ನನ್ನನ್ನು ಕಟ್ಟಿಕೊಂಡು ತಮ್ಮನ ಬೀದಿಗೆ ಬಂದು ಬಾಡಿಗೆಗಿದ್ದವಳು. ಅವಳು ಬಾಯಿ ತೆರೆದು ನಗುವುದನ್ನು ನಾನು ನೋಡಿದ್ದು ಆ ಮಡುವಿನ ದಡದಲ್ಲಿ ಮಾತ್ರ.

ಒಂದು ಬೇಸಿಗೆಯಲ್ಲಿ, ಕೆಲಸದ ದಿನವೇ, ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತಿತು. ನಾನು ಮಾವನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಜೀಪಿನಿಂದಿಳಿದ ಪೇದೆ ಒಳಗೆ ಇಣುಕಿ ಕೇಳಿದ.

"ನೀರುಕೋಳಿ ಅಂದ್ರೆ ನೀವೇನಾ?"

"ಹೌದು. ಏನು ಸಾರ್, ಜೀಪಿನ ಸೀಟಾ?"

"ಸೀಟಲ್ಲ. ಮಡೂಲಿ ಇಬ್ಬರು ಮುಳುಗಿದಾರೆ. ಅಣ್ಣ ತಂಗಿ. ಬೆಳಗ್ಗೆಯಿಂದ ನಮ್ಮವರು ಹುಡುಕ್ತಾ ಇದಾರೆ, ಸಿಕ್ತಾ ಇಲ್ಲ. ಆ ನೀರು ನಿಮಗೆ ಗೊತ್ತು ಅಂದ್ರು."

ಮಾವ ಕತ್ತರಿ ಕೆಳಗಿಟ್ಟು, ನನ್ನನ್ನು ಮನೆಗೆ ಹೋಗು ಎಂದು ಹೇಳಿ ಜೀಪು ಹತ್ತಿದ. ಆಮೇಲೆ ನಡೆದದ್ದನ್ನು ಅವನು ಅಮ್ಮನಿಗೆ ಹೇಳುವಾಗ ಕೇಳಿಸಿಕೊಂಡೆ. ಅವನು ಅದನ್ನು ಹೇಳಿದ್ದು ಆ ಒಂದೇ ಸಲ.

ಬಂಡೆಯ ಬುಡದಲ್ಲಿ ಒಳಕ್ಕೆ ಕೊರೆದ ಗುಹೆಯಂಥ ಜಾಗ ಇದೆಯೆಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ನೀರು ಅಲ್ಲಿ ಸುತ್ತಿ ಸುತ್ತಿ ಕೆಳಕ್ಕೆ ಎಳೆಯುತ್ತದೆ. ಇಬ್ಬರೂ ಅಲ್ಲೇ ಇದ್ದರು. ಮೊದಲು ಹುಡುಗಿಯನ್ನು ತಂದ, ಆಮೇಲೆ ಅಣ್ಣನನ್ನು. ದಡದಲ್ಲಿ ಕೂತಿದ್ದ ಅವರ ತಾಯಿ ಮಗನ ಮುಖ ನೋಡಿದಳು. ನೋಡಿ, ಮಾವನ ಒದ್ದೆ ಮುಂಗೈ ಹಿಡಿದುಕೊಂಡು ಬಹಳ ಮೆತ್ತಗೆ, ಅಂಗಡಿಯಲ್ಲಿ ಸಾಮಾನು ಬದಲಾಯಿಸಿ ಕೊಡಿ ಎಂದು ಕೇಳುವ ಹಾಗೆ, "ಇವನು ನನ್ನ ಮಗ ಅಲ್ಲಪ್ಪಾ. ಇನ್ನೊಂದು ಸಲ ನೋಡಿ ಬಾಪ್ಪಾ" ಎಂದಳು.

"ನೀನೇನು ಮಾಡ್ದೆ?" ಅಮ್ಮ ಕೇಳಿದಳು.

"ಹೋದೆ ಅಕ್ಕ."

"ಎಲ್ಲಿಗೆ?"

"ನೀರಿಗೆ. ಕೆಳಗೆ ಯಾರೂ ಇಲ್ಲ ಅಂತ ಗೊತ್ತಿತ್ತು. ಆದ್ರೂ ಹೋದೆ. ತಳದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕಲ್ಲು ಹಿಡ್ಕೊಂಡು ಕೂತಿದ್ದೆ. ಅವಳು ಹೋಗು ಅಂದಮೇಲೆ ಹೇಗೆ ನಿಲ್ಲೋದು?"

ಅವತ್ತು ಅವನು ಬಚ್ಚಲಿನಿಂದ ಹೊರಗೆ ಬರಲೇ ಇಲ್ಲವೇನೋ ಅನ್ನುವಷ್ಟು ಹೊತ್ತು ಸ್ನಾನ ಮಾಡಿದ. ತಟ್ಟೆಯ ಮುಂದೆ ಕೂತು ಎದ್ದುಹೋದ. ಎರಡು ವಾರ ಕಳೆದ ಮೇಲೆ ಮತ್ತೆ ಟೆಂಪೋ ತಂದ. ಆದದ್ದು ಆಗಿಹೋಯಿತು ಎಂದುಕೊಂಡೆವು.

ಆದರೆ ಊರಿನ ಬಾಯಿಗೆ ಹೆಸರು ಬಿದ್ದಿತ್ತು. ಆ ಮಡುವಿಗೆ ದೂರದ ಊರುಗಳಿಂದ ಜನ ಬರತೊಡಗಿದ್ದ ಕಾಲ ಅದು. ಈಜು ಬಾರದವರು, ಕುಡಿದು ಬಂಡೆಯಿಂದ ಹಾರುವವರು, ಫೋಟೋ ತೆಗೆಸಿಕೊಳ್ಳಲು ಹಿಂದೆ ಹಿಂದೆ ಸರಿಯುವವರು. ಪ್ರತಿ ಬೇಸಿಗೆಯಲ್ಲೂ ಯಾರೋ ಒಬ್ಬರು ಮುಳುಗುವುದು, ಜೀಪು ಬರುವುದು. ಆಮೇಲೆ ಜೀಪೂ ಬರಲಿಲ್ಲ, ಫೋನೇ ಬರುತ್ತಿತ್ತು. ಬೇರೆ ಊರಿನ ಕೆರೆ, ಕಾಲುವೆ, ಕಲ್ಲುಗಣಿಯ ಹೊಂಡಗಳಿಗೂ ಕರೆ. ಮಾವ ಅರ್ಧ ಹೊಲಿದ ಸೀಟನ್ನು ಯಂತ್ರದ ಮೇಲೇ ಬಿಟ್ಟು ಹೋಗುತ್ತಿದ್ದ.

ಅತ್ತೆ ಜಗಳವಾಡಿದಳು. "ಇಡೀ ಊರಲ್ಲಿ ನೀವೊಬ್ಬರೇನಾ ಇರೋದು? ನೀವು ಹೋಗ್ದಿದ್ರೆ ಆ ಹೊಳೆ ಹರಿಯೋದು ನಿಲ್ಸುತ್ತಾ?"

"ನಾನು ಹೋಗ್ದಿದ್ರೆ ಅವರ ಮನೆಯವರು ದಡದಲ್ಲೇ ಕೂತಿರ್ತಾರೆ ಕಣೇ. ಎದ್ದು ಮನೆಗೆ ಹೋಗೋಕಾಗಲ್ಲ ಅವರಿಗೆ."

"ನಿಮ್ಮ ಮನೇಲೂ ಜನ ಕೂತಿದಾರೆ."

ಮತ್ತೆ ಫೋನು ಬಂದಾಗ ಮಾವ ಚಪ್ಪಲಿ ಹಾಕಿಕೊಂಡ.

ನಮ್ಮ ಭಾನುವಾರಗಳು ನಿಲ್ಲಲಿಲ್ಲ, ಆದರೆ ಕೆಟ್ಟುಹೋದವು. ಮಾವ ಈಗ ನಮ್ಮ ಜೊತೆ ಆಡುತ್ತಿರಲಿಲ್ಲ. ತಿಳಿನೀರು ಮುಗಿದು ಕಪ್ಪುನೀರು ಶುರುವಾಗುವ ಕಡೆ ಸೊಂಟದವರೆಗೆ ನೀರಿನಲ್ಲಿ ನಿಂತು, ಕೈ ಅಗಲಿಸಿ ಬೇಲಿಯ ಹಾಗೆ ಇರುತ್ತಿದ್ದ. ನಮ್ಮಲ್ಲಿ ಯಾರಾದರೂ ಒಂದು ಗಳಿಗೆ ನೀರಿನೊಳಗೆ ತಲೆ ಮುಳುಗಿಸಿದರೆ ಸಾಕು, "ಎಲ್ಲಿ! ಎಲ್ಲಿ!" ಎಂದು ಕಿರುಚುತ್ತಿದ್ದ. ಆ ಧ್ವನಿ ನಮ್ಮ ಮಾವನದಲ್ಲ. ಅತ್ತೆಯ ಕಾಲ್ಬೆರಳಿನ ಹತ್ತಿರ ಈಗ ಯಾರೂ ಬರುತ್ತಿರಲಿಲ್ಲ. ಅವಳು ಕಾಲು ಮಡಿಚಿ ಕೂರುವುದನ್ನು ರೂಢಿ ಮಾಡಿಕೊಂಡಳು.

ಪಕ್ಕದಲ್ಲಿ ಬೇರೆ ಸಂಸಾರಗಳು ಇಳಿದಿದ್ದರೆ ಮಾವ ಹೋಗಿ ಎಚ್ಚರಿಸುತ್ತಿದ್ದ. "ಆ ಬಂಡೆ ಕಡೆ ಬಿಡ್ಬೇಡಿ ಮಕ್ಕಳನ್ನ." ಒಮ್ಮೆ ಹಾಗೆ ಹೇಳಲು ಹೋದಾಗ ಗುಂಪಿನಲ್ಲಿದ್ದ ಒಬ್ಬ ಅವನನ್ನು ಗುರುತು ಹಿಡಿದು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಆಕೆ ದಡದಡನೆ ನೀರಿಗಿಳಿದು, ಮಾವನ ಪಕ್ಕದಲ್ಲೇ ಆಡುತ್ತಿದ್ದ ಮಗುವಿನ ತೋಳು ಹಿಡಿದು ಎಳೆದುಕೊಂಡು ಹೋದಳು. ಚಾಪೆ ಸುತ್ತಿದರು, ಡಬ್ಬಿ ಮುಚ್ಚಿದರು, ಹೊರಟೇಬಿಟ್ಟರು. ಮಾವ ಆ ಒದ್ದೆ ಮರಳಿನ ಮೇಲೆ ನಿಂತಿದ್ದ. "ಪಾಪ, ಬಿಸಿಲು ಜಾಸ್ತಿಯಾಯ್ತು ಅನ್ಸುತ್ತೆ ಅವರಿಗೆ" ಎಂದ ನಮಗೆ. ನಾವು ಹೌದೆಂದೆವು.

ಮದುವೆ ವ್ಯಾನುಗಳ ಮಾಲೀಕನೊಬ್ಬ, ಹಳೆಯ ಗಿರಾಕಿ, ಸೀಟು ಹೊಲಿಸಲು ಬೇರೆ ಕಡೆ ಹೋಗತೊಡಗಿದ. ಕಾರಣ ಕೇಳಿದರೆ, "ನಿನ್ನ ಮೇಲೆ ನನಗೇನೂ ಇಲ್ಲಪ್ಪ, ಕೂರೋ ಜನ ಒಂಥರಾ ಅಂತಾರೆ" ಎಂದನಂತೆ.

ಇದನ್ನೆಲ್ಲ ಮಾವ ನುಂಗಿಕೊಂಡ. ನುಂಗಲಾಗದ್ದು ಚಿನ್ನಿಯ ಮಾತು. ಅವಳಿಗೆ ಆಗ ಹತ್ತು ವರ್ಷವಿರಬೇಕು. ಪಟ್ಟಿ ಬಿಟ್ಟು ಈಜುವುದು ಇನ್ನೂ ಪೂರ್ತಿ ಬಂದಿರಲಿಲ್ಲ. ಶಾಲೆಯಲ್ಲಿ ಯಾರೋ ಅವಳ ಬೆಂಚಿನಿಂದ ದೂರ ಸರಿದು ಕೂತಿದ್ದರು, "ನಿಮ್ಮಪ್ಪ ಹೆಣ ಮುಟ್ಟಿದ ಕೈಲೇ ನಿನ್ನ ಜಡೆ ಹಾಕ್ತಾರಾ?" ಎಂದು ಕೇಳಿದ್ದರು. ಆ ಭಾನುವಾರ ಮಾವ ಎಂದಿನ ಹಾಗೆ ಅಂಗೈ ಅವಳ ಹೊಟ್ಟೆಯ ಕೆಳಗಿಟ್ಟ. ಅವಳು ಬೆಂಕಿ ತಾಗಿದವಳ ಹಾಗೆ ಚಿಮ್ಮಿ ಆಚೆ ಸರಿದಳು.

"ಬೇಡಪ್ಪ. ಅಮ್ಮ ಹಿಡ್ಕೊಳ್ಳಲಿ."

"ಅಮ್ಮಂಗೆ ಈಜು ಬರಲ್ವಲ್ಲ ಪುಟ್ಟ."

"ಹಾಗಾದ್ರೆ ನಂಗೆ ಈಜು ಬೇಡ."

ಮಾವ ಸರಿ ಎಂದ. ಕೈಗಳನ್ನು ನೀರಿನೊಳಗೇ ಇಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ. ಮರುದಿನದಿಂದ ಚಿನ್ನಿಯ ಜಡೆಯನ್ನು ಅತ್ತೆ ಹಾಕಿದಳು.

ವರ್ಷಗಳು ಹೋದವು. ಅಜ್ಜಿ ತೀರಿಕೊಂಡಳು. ನಾನು ಕಾಲೇಜು ಮುಗಿಸಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಚಿನ್ನಿ ಎತ್ತರವಾದಳು, ಮಾತು ಕಡಿಮೆ ಮಾಡಿದಳು. ಮಡುವಿಗೆ ಹೋಗುವುದು ಬೇಸಿಗೆಗೆ ಒಂದೇ ಸಲಕ್ಕೆ ಬಂತು. ಯಾರಿಗೂ ಮನಸ್ಸಿಲ್ಲದಿದ್ದರೂ ಬಿಡಲಾಗದೆ ಉಳಿದಿದ್ದ ಆ ಒಂದು ಸಲದಲ್ಲೇ ಅದು ನಡೆಯಿತು.

ಅವತ್ತು ನಮ್ಮ ಪಕ್ಕದಲ್ಲಿ ಒಂದು ಚಿಕ್ಕ ಸಂಸಾರವಿತ್ತು. ಗಂಡ, ಹೆಂಡತಿ, ಆರೇಳು ವರ್ಷದ ಮಗ. ಗಂಡ ಯಾವುದೋ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವನಂತೆ, ಬಹಳ ದಿನಕ್ಕೆ ಸಿಕ್ಕ ರಜೆಯಂತೆ. ಹೆಂಡತಿ ಅತ್ತೆಗೆ ಬಾಳೆಹಣ್ಣು ಕೊಟ್ಟಳು. ಹುಡುಗ ಹಳದಿ ಬನಿಯನ್ನು ತೊಟ್ಟು ಮರಳಿನಲ್ಲಿ ಕಾಲುವೆ ತೋಡುತ್ತಿದ್ದ. ಮಾವ ಹೋಗಿ ಬಂಡೆಯ ವಿಷಯ ಹೇಳಿದಾಗ ಆ ಗಂಡ ಎದ್ದು ನಿಂತು, "ಹೇಳಿದ್ದು ಒಳ್ಳೇದಾಯ್ತಣ್ಣ" ಎಂದ. ಮಾವನ ಮುಖ ಅಷ್ಟು ದಿನಕ್ಕೆ ಸ್ವಲ್ಪ ಸಡಿಲಾಯಿತು.

ಊಟ ಆದಮೇಲೆ ನಾನು ಬಟ್ಟೆ ಬದಲಾಯಿಸಲು ಪೊದೆಗಳ ಹಿಂದೆ ಹೋಗಿದ್ದೆ. ದೊಡ್ಡವರೆಲ್ಲ ಅರೆನಿದ್ದೆಯಲ್ಲಿದ್ದರು. ಹುಡುಗ ಯಾವಾಗ ಕಲ್ಲುಗಳ ಮೇಲೆ ಹೊಳೆ ದಾಟಿ ಬಂಡೆಯ ಬೆನ್ನು ಹತ್ತಿದನೋ ಯಾರೂ ನೋಡಲಿಲ್ಲ. ನೀರು ಛಳ್ಳೆಂದದ್ದು ಕೇಳಿಸಿತು, ಆಮೇಲೆ ಅವನ ತಾಯಿಯ ಕೂಗು. ನಾನು ಓಡಿ ಬರುವಷ್ಟರಲ್ಲಿ ಮಾವ ಶರ್ಟು ಹಾಕಿಕೊಂಡೇ ಹಾರಿ ಮುಳುಗಿದ್ದ.

ಅವನು ನೆಟ್ಟಗೆ ತಳಕ್ಕೆ ಹೋದ. ಬಂಡೆಯ ಬುಡದ ಆ ಗುಹೆಗೆ. ಇಷ್ಟು ವರ್ಷ ಯಾರನ್ನು ಹುಡುಕಲು ಹೋದರೂ ಅವನು ಮೊದಲು ಹೋಗುತ್ತಿದ್ದುದು ಅಲ್ಲಿಗೇ, ಹೆಚ್ಚಿನವರು ಸಿಗುತ್ತಿದ್ದುದೂ ಅಲ್ಲೇ. ಮೇಲೆ ಬಂದು ಒಮ್ಮೆ ಉಸಿರೆಳೆದುಕೊಂಡು, ಯಾರ ಕಡೆಗೂ ನೋಡದೆ ಮತ್ತೆ ಮುಳುಗಿದ.

ಹುಡುಗ ಅಲ್ಲಿರಲಿಲ್ಲ. ಅವನಿನ್ನೂ ತಳಕ್ಕೆ ಹೋಗಿಯೇ ಇರಲಿಲ್ಲ. ನೀರು ಅವನನ್ನು ಬಂಡೆಯಿಂದ ಪಕ್ಕಕ್ಕೆ ತಳ್ಳಿ, ಮಡುವಿನ ಬಾಲದ ಕಡೆಗೆ, ಬಾಗಿದ ಮರದ ನೆರಳಿನ ಕೆಳಗೆ ಒಯ್ದಿತ್ತು. ನೀರಿನ ಮೈಗೆ ಒಂದು ಗೇಣು ಕೆಳಗೆ ಆ ಹಳದಿ ಬನಿಯನ್ ಒದ್ದಾಡುತ್ತಿತ್ತು. ಚಿನ್ನಿಯೇ ಮೊದಲು ಕಂಡವಳು. "ಅಪ್ಪಾ, ಅಲ್ಲಲ್ಲ! ಇಲ್ಲಿ! ಇಲ್ಲಿ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತ ದಡದುದ್ದಕ್ಕೂ ಓಡಿದಳು. ಅವಳಿಗೆ ಈಜು ಬರುತ್ತಿರಲಿಲ್ಲ. ನೀರಿನೊಳಗಿದ್ದ ಮಾವನಿಗೆ ಅದು ಕೇಳಿಸುವ ಹಾಗೂ ಇರಲಿಲ್ಲ. ನಾನು ಅವಳು ತೋರಿಸಿದ ಕಡೆ ಓಡಿ ಧುಮುಕಿದೆ. ಆ ಗಂಡ ಎದೆಮಟ್ಟದ ನೀರಿನಲ್ಲಿ ಎಡವಿ ಬೀಳುತ್ತ ಬಂದ. ಇಬ್ಬರೂ ಸೇರಿ ಎಳೆದು ತಂದಾಗ ಬನಿಯನ್ನಿನ ಒದ್ದಾಟ ನಿಂತುಹೋಗಿತ್ತು.

ಎದೆ ಒತ್ತಿದೆ, ಬಾಯಿಗೆ ಗಾಳಿ ಊದಿದೆ. ಎಷ್ಟು ಒತ್ತಿದರೂ ನೀರು ಬಂತೇ ಹೊರತು ಉಸಿರು ಬರಲಿಲ್ಲ. ತಲೆ ಎತ್ತಿದಾಗ ಮಾವ ಮಡುವಿನ ನಡುವೆ ಕತ್ತಿನವರೆಗೆ ನೀರಿನಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದ. ನೀರಿನಿಂದ ಮೇಲೆತ್ತಿದ ಅವನ ಎರಡೂ ಮುಷ್ಟಿಯಲ್ಲಿ ತಳದ ಕೆಸರಿತ್ತು.

ಟೆಂಪೋದಲ್ಲೇ ಮಗುವನ್ನು ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರು ನಾಡಿ ಹಿಡಿದು, ಕಣ್ಣಿಗೆ ಬೆಳಕು ಹಾಯಿಸಿ, ತಾಯಿಯ ಕಡೆ ನೋಡದೆ ತಲೆಯಾಡಿಸಿದರು.

ಹೊರಗೆ ಬೆಂಚಿನ ಮೇಲೆ ಮಾವ ಒದ್ದೆಯಾಗಿ ಕೂತಿದ್ದ. ಕಾಲ ಕೆಳಗೆ ನೀರು ಕೊಚ್ಚೆಯಾಗಿ ನಿಂತಿತ್ತು. ಚಿನ್ನಿ ಎಲ್ಲಿಂದಲೋ ಒಂದು ಟವೆಲ್ ತಂದು ಅವನ ಹೆಗಲ ಮೇಲೆ ಹಾಕಲು ಹೋದಳು. ಇಷ್ಟು ವರ್ಷದಲ್ಲಿ ಅವಳಾಗಿ ಅವನ ಹತ್ತಿರ ಬಂದದ್ದು ಅದೇ ಮೊದಲು. ಮಾವ ಗೋಡೆಗೆ ಸರಿದುಬಿಟ್ಟ.

"ಮುಟ್ಬೇಡಮ್ಮ. ನನ್ನ ಮುಟ್ಬೇಡ."

ಟವೆಲ್ಲನ್ನು ಬೆಂಚಿನ ಮೇಲಿಟ್ಟು ಅವಳು ದೂರ ಹೋಗಿ ನಿಂತಳು.

ಯಾರೂ ಅವನನ್ನು ದೂರಲಿಲ್ಲ. ಹುಡುಗನ ತಂದೆ ಅಳುತ್ತಲೇ ಬಂದು, "ನಿಮ್ಮ ಕೈಲಾದಷ್ಟು ಮಾಡಿದ್ರಣ್ಣ" ಎಂದು ಕೈ ಮುಗಿದ. ಪೊಲೀಸರು ಬೆನ್ನು ತಟ್ಟಿದರು. ಮಾವ ಮನೆಗೆ ಬಂದು ನನ್ನ ಅಮ್ಮನ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತ.

"ಬದುಕಿತ್ತು ಅಕ್ಕ. ನಾನು ಹಾರಿದಾಗ ಬದುಕಿತ್ತು."

"ನಿಂಗೆ ಹೇಗೆ ಗೊತ್ತಾಗ್ಬೇಕು? ನೀರು ಕಪ್ಪಗಿತ್ತು."

"ಒಂದು ಸಲ ಸುತ್ತ ನೋಡಿದ್ರೆ ಸಾಕಿತ್ತು. ಹಿಂದೆ ಆಗಿದ್ರೆ ನೋಡ್ತಿದ್ದೆ. ನನ್ನ ತಲೆಗೇ ಬರಲಿಲ್ಲ ಅಕ್ಕ, ಮಗು ಬದುಕಿರಬಹುದು ಅಂತ. ಬಿದ್ದ ಸದ್ದು ಕೇಳಿದ ತಕ್ಷಣ ನಾನು ಹೆಣ ಹುಡುಕೋಕೆ ಹೋದೆ."

ಅಮ್ಮ ಅವನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವನು ಅಳಲಿಲ್ಲ. ಅತ್ತಿದ್ದರೆ ಏನಾದರೂ ಉಳಿಯುತ್ತಿತ್ತೋ ಏನೋ.

ಮರುವರ್ಷ ಬೇರೊಬ್ಬ ಮುಳುಗಿ ಫೋನು ಬಂದಾಗ ಅವನು ಎತ್ತಲಿಲ್ಲ. ಮುಳುಗಿದವನ ತಂದೆಯೇ ಅಂಗಡಿಯ ಬಾಗಿಲಿಗೆ ಬಂದು ನಿಂತ. ಮಾವ ಚಪ್ಪಲಿ ಮೆಟ್ಟಿದವನು ಮತ್ತೆ ಕಳಚಿ ಯಂತ್ರದ ಹಿಂದೆ ಕೂತುಬಿಟ್ಟ. ಇಷ್ಟು ವರ್ಷ ಹೋಗಬೇಡಿ ಎಂದು ಅಡ್ಡ ನಿಂತಿದ್ದ ಅತ್ತೆಯೇ ಆ ಮನುಷ್ಯನ ಮುಂದೆ ಕೈಜೋಡಿಸಿ, "ಅವರ ಕೈಲಾಗಲ್ಲಣ್ಣ, ಕ್ಷಮಿಸಿ" ಎಂದಳು. ಆ ಹೆಣ ತಾನಾಗಿ ಎಲ್ಲೋ ಕೆಳಗೆ ತೇಲಿ ಸಿಗುವವರೆಗೂ ಆ ತಂದೆ ದಡದಲ್ಲಿದ್ದ ಸುದ್ದಿ ಬರುತ್ತಲೇ ಇತ್ತು. ಅಷ್ಟು ದಿನವೂ ಮಾವ ಅನ್ನ ಮುಟ್ಟಲಿಲ್ಲ. ಹೋಗಿ ಕೆಟ್ಟವನು ಹೋಗದೆಯೂ ಕೆಟ್ಟ.

ಹಳದಿ ಬನಿಯನ್ನಿನ ಹುಡುಗನ ತಾಯಿ ಅಂಗಡಿ ಹುಡುಕಿಕೊಂಡು ಬಂದದ್ದು ಅದಾದ ಮೇಲೆ. ಆ ಹೊತ್ತಿಗೆ ಅತ್ತೆಯೂ ನಾನೂ ಅಲ್ಲಿದ್ದೆವು. ಆಕೆ ಬಹಳ ಸೊರಗಿದ್ದಳು. ಸ್ಪಂಜಿನ ಚೂರುಗಳನ್ನು ಪಕ್ಕಕ್ಕೆ ಸರಿಸಿ ಬೆಂಚಿನ ಮೇಲೆ ಕೂತು ಕೇಳಿದಳು.

"ಅಣ್ಣ, ನೀವು ಕೆಳಗಿಳಿದಾಗ ನನ್ನ ಮಗ ಹೇಗಿದ್ದ? ನಿಮಗೆ ಕಂಡ್ನಾ?"

ಅತ್ತೆ ಆಕೆಯ ಹಿಂದೆ ನಿಂತು ಮಾವನಿಗೆ ಕಣ್ಸನ್ನೆ ಮಾಡಿದಳು. ಸುಳ್ಳು ಹೇಳಿ, ನಿದ್ದೆ ಮಾಡ್ತಿದ್ದ ಹಾಗಿದ್ದ ಅನ್ನಿ, ಏನಾದರೂ ಅನ್ನಿ ಎಂಬ ಸನ್ನೆ. ಮಾವ ಯಂತ್ರ ನಿಲ್ಲಿಸಿದ.

"ಇಲ್ಲಮ್ಮ. ನಾನು ತಪ್ಪು ಜಾಗದಲ್ಲಿ ಹುಡುಕಿದೆ. ಅವನು ಮೇಲೇ ಇದ್ದ. ನಾನು ಮೊದಲು ಮೇಲೆ ನೋಡಿದ್ರೆ ಉಳೀತಿದ್ದ."

ಹೊರಗೆ ಪಂಚರ್ ಅಂಗಡಿಯವನು ಟೈರಿಗೆ ಗಾಳಿ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಮಾವ ಬಯ್ಗುಳಕ್ಕೆ ಕಾದಿದ್ದ ಅನ್ನಿಸುತ್ತದೆ, ಬಹುಶಃ ಅದನ್ನು ಬೇಡಿಯೂ ಇದ್ದ. ಆಕೆ ಬೈಯಲಿಲ್ಲ. ಅತ್ತೆ ಕೊಟ್ಟ ನೀರನ್ನು ಮುಟ್ಟದೆ ಎದ್ದುಹೋದಳು.

ಕೆಲವು ವಾರ ಬಿಟ್ಟು ಮತ್ತೆ ಬಂದಳು, ಆಮೇಲೆ ಮತ್ತೆ. ಬಂದು ಅದೇ ಬೆಂಚಿನ ಮೇಲೆ ಕೂರುವುದು, ಅವನು ಹೊಲಿಯುವುದನ್ನು ನೋಡುವುದು, ಹೋಗುವುದು. ಒಂದು ಮಾತಿಲ್ಲ. ಅವಳು ಬಂದ ದಿನ ಮಾವನ ಹೊಲಿಗೆ ಸೊಟ್ಟಗಾಗುತ್ತಿತ್ತು. ಹೋದಮೇಲೆ ಕೂತು ಬಿಚ್ಚುತ್ತಿದ್ದ. ಅತ್ತೆಗೆ ತಡೆಯಲಾಗಲಿಲ್ಲ. "ಯಾಕ್ರೀ ಬರ್ತಾಳೆ? ನಿಮ್ಮನ್ನ ಕೊಲ್ಲೋಕಾ?"

"ಗೊತ್ತಿಲ್ಲ. ಬರ್ಬೇಡ ಅನ್ನೋಕೆ ನನಗೆ ಬಾಯಿಲ್ಲ."

ಚಿನ್ನಿ ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸ ಹಿಡಿದಳು. ಅತ್ತೆಗೆ ಫೋನು ಮಾಡಿದಾಗ ಕೊನೆಗೆ ಅಪ್ಪನಿಗೆ ಕೊಡು ಅನ್ನುತ್ತಾಳೆ. ಅಲ್ಲಿ ಸೆಕೆ ಹೇಗಿದೆ, ಊಟ ಆಯ್ತಾ ಎಂದು ಇಬ್ಬರೂ ಕೇಳಿಕೊಳ್ಳುತ್ತಾರೆ. ಮಾವನಿಗೆ ಅರ್ಧ ಕೇಳಿಸುವುದಿಲ್ಲ. ಆ ಕೊಳಕು ಹೊಂಡಗಳ ನೀರು ಕಿವಿಯೊಳಗೆ ಇಳಿದಿಳಿದು ತಮಟೆ ಹಾಳಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಅವಳು ಏನು ಹೇಳಿದರೂ "ಹ್ಞೂಂ ಪುಟ್ಟ, ಹ್ಞೂಂ" ಎಂದು ಫೋನು ಅತ್ತೆಗೆ ಕೊಡುತ್ತಾನೆ. ನಮ್ಮಲ್ಲಿ ಯಾರೂ ಮಡುವಿಗೆ ಹೋಗುವುದಿಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಎಲ್ಲರೂ ಅವರವರ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿರುತ್ತೇವೆ.

ಹೋದ ವರ್ಷದಿಂದ ಆ ಹೆಂಗಸು ಬರುವುದು ನಿಂತಿದೆ. ಗಂಡನಿಗೆ ಬೇರೆ ಊರಿಗೆ ವರ್ಗವಾಯಿತೋ, ಆಕೆಗೆ ಏನಾದರೂ ಆಯಿತೋ, ಯಾರಿಗೂ ತಿಳಿಯದು. ಅತ್ತೆ ಸದ್ಯ ಮುಗಿಯಿತಲ್ಲ ಎಂದು ಉಸಿರು ಬಿಟ್ಟಳು. ಆದರೆ ಮಾವ ಅಲ್ಲಿಂದಾಚೆಗೆ ಇನ್ನೂ ಕುಸಿದಿದ್ದಾನೆ. ನಾನು ಮೊನ್ನೆ ಕಿವಿಯ ಔಷಧಿ ಕೊಡಲು ಅಂಗಡಿಗೆ ಹೋದಾಗ ಕೆಲಸವಿಲ್ಲದೆ ಸುಮ್ಮನೆ ಕೂತಿದ್ದ. ಬಾಟಲಿ ಕೈಗೆ ತೆಗೆದುಕೊಂಡು, ಜೋರಾಗಿ, ಕಿವುಡರು ಮಾತಾಡುವ ಹಾಗೆ ಕೇಳಿದ.

"ಆ ತಾಯಿ ಎಲ್ಲಾದ್ರೂ ಕಂಡ್ಲಾ?"

ಇಲ್ಲ ಮಾವ ಎಂದೆ. ಕೇಳಿಸಲಿಲ್ಲ. ಮತ್ತೊಮ್ಮೆ ಕೂಗಿ ಹೇಳಿದೆ. ಬ್ಯಾಟರಿ ಅಂಗಡಿಯವನು ತಿರುಗಿ ನೋಡಿದ.